ಚಪ್ಪಲಿಗಳ ಪಕ್ಕದ ಜಾಗ

ನನ್ನ ಮನೆಯಲ್ಲಿ ಊಟಕ್ಕೆ ಕುಳಿತವರು ಸಾಕು ಎಂದರೆ ನಾನು ಎರಡನೆಯ ಸಲ ಕೇಳುವುದಿಲ್ಲ. ಬೇಕೆಂದವರ ತಟ್ಟೆಗೆ ಹಾಕುತ್ತೇನೆ, ಬೇಡವೆಂದವರ ಮುಂದಿನಿಂದ ಪಾತ್ರೆ ಎತ್ತಿಕೊಂಡು ಹೋಗುತ್ತೇನೆ. ಇದಕ್ಕಾಗಿ ಬೀಗರ ಕಡೆಯಲ್ಲಿ ನನಗೆ ಜಿಪುಣಿ ಎಂಬ ಹೆಸರು ಬಂದಿದೆ. ಸೊಸೆ ಒಂದು ದಿನ ತಡೆಯಲಾರದೆ, ಇನ್ನೊಂದು ಸಲ ಉಪಚಾರ ಹೇಳಿದರೆ ನಿಮ್ಮ ಗಂಟೇನು ಹೋಗುತ್ತದೆ ಅತ್ತೆ ಎಂದು ಕೇಳಿಯೂ ಬಿಟ್ಟಳು. ಉತ್ತರ ಕೊಡಬೇಕಾದರೆ ಚಿತ್ರದುರ್ಗದ ಆ ಎರಡು ಕೋಣೆಯ ಮನೆಯವರೆಗೂ ಹೋಗಬೇಕು. ಅಷ್ಟು ದೂರ ಬರಲು ಅವಳಿಗೆ ಪುರುಸೊತ್ತಿರಲಿಲ್ಲ, ಒಲೆಯ ಮೇಲೆ ಸಾರಿತ್ತು.

ಊರು ಮುಗಿದು ದಾರಿ ಚಂದ್ರವಳ್ಳಿಯ ಕಡೆಗೆ ಇಳಿಯುವಲ್ಲಿ, ಬಂಡೆಗಳ ಬುಡದಲ್ಲಿ ಆ ಮನೆಯಿತ್ತು. ನಮ್ಮದಲ್ಲ, ಮಿಶನ್ನಿನವರದು. ಅಪ್ಪ ಅವರ ಕ್ರೈಸ್ತ ಸಭೆಯಲ್ಲಿ ಬೈಬಲ್ಲು ಬೋಧಿಸುವ ಉಪದೇಶಿಯಾಗಿದ್ದುದರಿಂದ ಇರಲು ಕೊಟ್ಟಿದ್ದರು. ಮುಂದಿನ ಕೋಣೆಯಲ್ಲಿ ಅಪ್ಪನ ಮೇಜು, ಬೈಬಲ್ಲು, ಬಂದವರಿಗೆ ಒಂದು ಬೆಂಚು. ಹಿಂದಿನದು ಅಡಿಗೆಮನೆ. ಅಲ್ಲೇ ರಾಗಿಯ ಮಡಕೆಗಳು, ಬೀಸುವ ಕಲ್ಲು, ರಾತ್ರಿ ನಮ್ಮ ಹಾಸಿಗೆ. ಬೇಸಿಗೆಯಲ್ಲಿ ಹಿಂದಿನ ಬಂಡೆ ಹಗಲೆಲ್ಲ ಕಾದು ಸಂಜೆಯ ಮೇಲೆ ಮನೆಯೊಳಕ್ಕೆ ಉಸಿರು ಬಿಡುತ್ತಿತ್ತು. ಅವ್ವ ಗೋಡೆಗೆ ನೀರು ಎರಚುತ್ತಿದ್ದಳು. ಆ ನೀರು ಅವಳೇ ಹೊತ್ತು ತಂದದ್ದು. ಅಪ್ಪನಿಗೆ ನೆಂಟರೆಂದರೆ ಸಭೆಯವರೇ. ಅವ್ವನಿಗೆ ಶ್ರೀರಾಂಪುರದ ಕಡೆ ತವರಿತ್ತು, ದೀಕ್ಷಾಸ್ನಾನವಾಗಿ ಕ್ರೈಸ್ತಳಾದ ಮೇಲೆ ಅದು ಇಲ್ಲವಾಯಿತು. ಆ ವಿಷಯ ಅವಳು ಎತ್ತುತ್ತಿರಲಿಲ್ಲ. ಹುಚ್ಚೆಳ್ಳು ಚಟ್ನಿ ಅರೆಯುವಾಗ ಮಾತ್ರ, ನಮ್ಮವ್ವ ಇದಕ್ಕೆ ಇನ್ನೊಂದು ಚೂರು ಹುಣಿಸೆ ಹಾಕ್ತಿದ್ಲು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಅಪ್ಪನ ಮನಸ್ಸು ಬೈಬಲ್ಲಿನ ಒಂದೇ ಒಂದು ಸಾಮ್ಯದ ಮೇಲೆ, ಒಂದು ದೃಷ್ಟಾಂತದ ಮೇಲೆ ನಿಂತಿತ್ತು. ಔತಣಕ್ಕೆ ಕರೆದರೆ ಮೇಲಿನ ಸ್ಥಳದಲ್ಲಿ ಹೋಗಿ ಕೂರಬೇಡ, ಎಲ್ಲರಿಗಿಂತ ಕೆಳಗಿನ ಜಾಗ ನೋಡಿ ಕೂತುಕೋ, ಕರೆದವನೇ ಬಂದು ನಿನ್ನನ್ನು ಮೇಲಕ್ಕೆ ಕರೆದುಕೊಂಡು ಹೋಗುತ್ತಾನೆ ಎಂಬುದು. ಇದನ್ನು ಅವರು ಹೇಳುತ್ತಿದ್ದರು ಮಾತ್ರವಲ್ಲ, ಮಾಡುತ್ತಿದ್ದರು. ತಿಂಗಳಿಗೊಮ್ಮೆ ಪಾದ್ರಿಗಳಾದ ದೊಡ್ಡ ಅಯ್ಯನವರು ಬಂದು ಆರಾಧನೆ ನಡೆಸುವ ದಿನ, ಮದುವೆಯ ದಿನ, ಮಗುವಿಗೆ ಹೆಸರಿಡುವ ದಿನ, ಪ್ರಾರ್ಥನಾಮಂದಿರದ ಬಾಗಿಲಲ್ಲಿ ಜನ ಚಪ್ಪಲಿ ಬಿಡುವ ಜಾಗವಿತ್ತಲ್ಲ, ಅಲ್ಲಿ, ಆ ತೊಗಲಿನ ವಾಸನೆಯ ಪಕ್ಕದಲ್ಲಿ, ಅಪ್ಪ ಕಾಲು ಮಡಿಸಿ ಕೂತುಬಿಡುತ್ತಿದ್ದರು. ಮುಂದುಗಡೆ ಕುರ್ಚಿ ಇರುತ್ತಿತ್ತು, ಜಮಖಾನ ಇರುತ್ತಿತ್ತು. ಸಭೆಯ ಹಿರಿಯರೊಬ್ಬರು ಎದ್ದು ಬರುತ್ತಿದ್ದರು.

"ಉಪದೇಶಿಗಳೇ, ಮುಂದಕ್ ಬರ್ರಿ."

"ಇರ್ಲಿ ಬಿಡ್ರಿ, ನಂಗೆ ಇಲ್ಲೇ ಸಾಕು."

ಮತ್ತೆ ಕರೆಯುತ್ತಿದ್ದರು. ಅಪ್ಪ ಮತ್ತೆ ಅದೇ ಮಾತು ಹೇಳುತ್ತಿದ್ದರು. ಮೂರನೆಯ ಸಲಕ್ಕೆ ಅವರು ಕೈ ಹಿಡಿದು ಎಬ್ಬಿಸಿದರೆ, ಅಪ್ಪ ಪಂಚೆಯ ದೂಳು ಕೊಡವಿ, ತಲೆ ತಗ್ಗಿಸಿ, ಕೂತವರ ನಡುವೆ ದಾರಿ ಮಾಡಿಕೊಂಡು ಮುಂದಕ್ಕೆ ನಡೆಯುತ್ತಿದ್ದರು. ಮಂದಿರದಲ್ಲಿ ಇದ್ದಷ್ಟೂ ಕಣ್ಣು ಅವರ ಮೇಲೆ. ಮೊದಲೇ ಹೋಗಿ ಕುರ್ಚಿಯಲ್ಲಿ ಕೂತಿದ್ದರೆ ಇಷ್ಟು ಜನ ನೋಡುತ್ತಿರಲಿಲ್ಲ. ಇದು ನಾನು ಈಗ ಕಂಡುಕೊಂಡದ್ದಲ್ಲ, ಎಂಟು ವರ್ಷದವಳಿದ್ದಾಗಲೇ ಕಂಡಿದ್ದೆ. ಆದರೆ ಆಗ ಅದು ನನಗೆ ತಪ್ಪಾಗಿ ಕಾಣಲಿಲ್ಲ. ಲೋಕ ನಡೆಯುವುದೇ ಹಾಗೆ, ಬೇಡವೆಂದವರಿಗೇ ಸಿಗುವುದು ಎಂದುಕೊಂಡಿದ್ದೆ.

ಮನೆಯಲ್ಲಿ ಆದದ್ದೂ ಅದೇ ಪಾಠ. ಭಾನುವಾರ ಸಂಜೆ ಪ್ರಾರ್ಥನೆಯಾದ ಮೇಲೆ ಅಪ್ಪ ಬೆಲ್ಲದ ಅಚ್ಚು ಕುಟ್ಟಿ ತಟ್ಟೆಯಲ್ಲಿ ಎರಡು ಚೂರು ಇಡುತ್ತಿದ್ದರು, ಬೇಕೆಂದೇ ಒಂದು ದೊಡ್ಡದು, ಒಂದು ಚಿಕ್ಕದು. ನಾನು ಮತ್ತು ತಮ್ಮ ಸಾಮು ತಟ್ಟೆಯ ಎರಡು ಕಡೆ. ದೊಡ್ಡದಕ್ಕೆ ಕೈ ಹಾಕಿದವರನ್ನು ಅಪ್ಪ ಬೈಯುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದರು. ಚಿಕ್ಕದನ್ನು ತೆಗೆದುಕೊಂಡವರಿಗೆ ತಮ್ಮ ಮುಷ್ಟಿಯಿಂದ ಮೂರನೆಯ ಚೂರು ಕೊಡುತ್ತಿದ್ದರು, ಅದು ಎಲ್ಲಕ್ಕಿಂತ ದೊಡ್ಡದು. ಸಾಮುವಿಗೆ ಇದರ ಗುಟ್ಟು ಹಿಡಿಯಲು ಎರಡು ವಾರವೂ ಬೇಕಾಗಲಿಲ್ಲ. ಚಿಕ್ಕ ಚೂರಿಗೆ ನಾವಿಬ್ಬರೂ ಕಿತ್ತಾಡತೊಡಗಿದೆವು. ಒಂದು ಸಲ ನನ್ನ ಕೈ ಪರಚಿ ಚಿಕ್ಕದನ್ನು ಕಸಿದುಕೊಂಡ. ಒಲೆಯ ಮುಂದಿದ್ದ ಅವ್ವ ತಿರುಗಿ ನೋಡಿ ಅಂದಳು:

"ಈ ಮನೇಲಿ ಒಂದ್ ವಸ್ತು ಬೇಕು ಅಂದ್ರೆ ಬೇಡ ಅನ್ಬೇಕು ಕಣವ್ವಾ. ಕಲ್ತ್ಕ."

ಅಪ್ಪನಿಗೆ ಆ ಮಾತು ಹಿಡಿಸಲಿಲ್ಲ. ಅವ್ವನ ಮಾತು ಸಾಮಾನ್ಯವಾಗಿ ಅವರಿಗೆ ಹಿಡಿಸುತ್ತಿರಲಿಲ್ಲ. ಹೊಸದುರ್ಗದ ಕಡೆಯಿಂದ ಬಂದ ಒಬ್ಬ ಮುದುಕನಿಗೆ ಅಪ್ಪ ನಾವು ಹೊದೆಯುತ್ತಿದ್ದ ಕಂಬಳಿಯನ್ನು ಎತ್ತಿ ಕೊಟ್ಟಾಗ ಸಭೆಯವರೆಲ್ಲ ಹೊಗಳಿದರು. ಅವ್ವ ಮಾತ್ರ ಬೆಳಿಗ್ಗೆ ಮುದ್ದೆ ತಿರುವುತ್ತ, ಕೊಟ್ಟೋರು ನೀವು, ಚಳಿ ಮಾತ್ರ ನಮ್ಗೆ ಬಿಟ್ರಿ ಎಂದಳು. ಅಪ್ಪ ಆ ದಿನ ಊಟ ಮಾಡಲಿಲ್ಲ. ಅವ್ವನೂ ಮಾಡಲಿಲ್ಲ, ಆದರೆ ಅದನ್ನು ಯಾರೂ ಗಮನಿಸಲಿಲ್ಲ. ಅವಳು ದಿನವೂ ಕೊನೆಗೆ ಉಣ್ಣುತ್ತಿದ್ದವಳು, ಕೆಲವು ದಿನ ಉಳಿಯುತ್ತಿರಲಿಲ್ಲ. ಅದಕ್ಕೆ ನಮ್ಮ ಮನೆಯಲ್ಲಿ ದೀನತೆ ಎಂಬ ಹೆಸರಿರಲಿಲ್ಲ. ಅಡಿಗೆ ಕೆಲಸ ಎಂಬ ಹೆಸರಿತ್ತು.

ನನಗೆ ಹತ್ತು ತುಂಬಿದ ಮೇಲೆ ತುಮಕೂರಿನ ಹೆಣ್ಣುಮಕ್ಕಳ ಬೋರ್ಡಿಂಗ್ ಶಾಲೆಯಲ್ಲಿ ನಮ್ಮ ಸಭೆಗೆ ಒಂದು ಜಾಗ ಬಂತು. ಒಂದೇ. ಹಿಂದಿನ ಸಲ ಬಂದಿದ್ದ ಮಿಶನ್ನಿನ ಬಿಳಿ ದೊರೆಸಾನಿ ನಾನು ಸುವಾರ್ತೆ ಓದಿದ್ದನ್ನು ಕೇಳಿ, ಇವಳು ತಕ್ಕವಳು ಎಂದು ಅಪ್ಪನಿಗೆ ಹೇಳಿ ಹೋಗಿದ್ದರು. ಅಂದಿನಿಂದ ಅವ್ವನ ನಡಿಗೆಯೇ ಬೇರೆಯಾಯಿತು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ನಾನು ಓದುತ್ತಿದ್ದರೆ ಕೈಯ ಕೆಲಸ ಬಿಟ್ಟು ಬಂದು ಪುಸ್ತಕದ ಮೇಲೆ ಬಗ್ಗಿ, ಇದರಾಗೆ ನನ್ನ ಹೆಸ್ರು ಎಲ್ಲಾದ್ರೂ ಐತೇನು ನೋಡು ಎಂದು ನಗುತ್ತಿದ್ದಳು. ತನ್ನ ಮದುವೆಯ ಸೀರೆಯನ್ನು ಕತ್ತರಿಸಿ ನನಗೆ ಎರಡು ಲಂಗ ಹೊಲಿದಳು. ನೀಲಿಗೆ ಹಸಿರು ಅಂಚು. ತವರಿನಿಂದ ಬಂದದ್ದರಲ್ಲಿ ಉಳಿದಿದ್ದ ಬಟ್ಟೆ ಅದೊಂದೇ. ಒಂದು ಡಬ್ಬಿ ತುಂಬ ಹುರಿಹಿಟ್ಟು ಮಾಡಿಟ್ಟಳು. ಹೊಳಲ್ಕೆರೆಯವರೆಗೆ ಗಾಡಿ, ಅಲ್ಲಿಂದ ರೈಲು, ರೈಲಿನಲ್ಲಿ ಕಿಟಕಿಯ ಕಡೆ ಕೂರಬೇಕು, ಇಳಿಯುವವರೆಗೂ ಡಬ್ಬಿ ಮಡಿಲಲ್ಲೇ ಇರಬೇಕು ಎಂದು ದಿನಕ್ಕೆ ಎರಡು ಸಲ ಹೇಳುತ್ತಿದ್ದಳು. ಅವಳು ರೈಲು ಹತ್ತಿದವಳಲ್ಲ. ನನಗೂ ರಾತ್ರಿ ಹೊತ್ತು ಬೇರೆ ಯೋಚನೆಯಿರಲಿಲ್ಲ. ಬಂಡೆಯ ಬಿಸಿ ಇಲ್ಲದ ಒಂದು ಊರಿನಲ್ಲಿ, ಸಾಲು ಹಾಸಿಗೆಗಳ ಒಂದು ಕೋಣೆಯಲ್ಲಿ, ನನ್ನದೇ ಒಂದು ಸ್ಲೇಟು.

ದೊರೆಸಾನಿ ಬಂದ ದಿನ ಮಂದಿರ ತುಂಬಿತ್ತು. ಆರಾಧನೆಯಾದ ಮೇಲೆ ಅವರು ಕುರ್ಚಿಯಲ್ಲಿ ಕೂತು, ಬೋರ್ಡಿಂಗಿನ ವಿಷಯ ಹೇಳಿ, ನನ್ನನ್ನು ಮುಂದಕ್ಕೆ ಕರೆದರು. ಅವರ ಕನ್ನಡ ಬೈಬಲ್ಲಿನಿಂದ ಕಲಿತದ್ದು, ಒಂದಕ್ಷರ ನುಂಗುತ್ತಿರಲಿಲ್ಲ.

"ರೂತಳೇ, ನೀನು ನಮ್ಮ ಸಂಗಡ ಬರಲು ಇಷ್ಟಪಡುತ್ತೀಯೋ?"

ಎಲ್ಲರೂ ನೋಡುತ್ತಿದ್ದರು. ಅಪ್ಪ ಮೊದಲ ಸಾಲಿನಲ್ಲಿದ್ದರು, ಆಗತಾನೆ ಮೂರನೆಯ ಸಲ ಕರೆಸಿಕೊಂಡು ಬಂದಿದ್ದರು. ನನ್ನ ಹೊಟ್ಟೆಯಲ್ಲಿ ಹೂಂ ಎನ್ನುವ ಮಾತು ಕುಣಿಯುತ್ತಿತ್ತು. ಆದರೆ ಮೊದಲ ಸಲಕ್ಕೇ ಹೂಂ ಎನ್ನುವುದು ದೊಡ್ಡ ಚೂರಿಗೆ ಕೈ ಹಾಕಿದಂತೆ. ನಾನು ಅಪ್ಪನಂತೆಯೇ ತಲೆ ತಗ್ಗಿಸಿದೆ.

"ಬೇಡ ದೊರೆಸಾನಮ್ಮ. ನಂಗಿಂತ ಸಾರ ಹೋಗ್ಲಿ. ಅವ್ಳಿಗೆ ಅವ್ವ ಇಲ್ಲ."

ಸಾರ ಎಂದರೆ ಗಾಡಿ ಹೊಡೆಯುವ ಯಾಕೋಬಜ್ಜನ ಮೊಮ್ಮಗಳು, ನನ್ನ ವಾರಗೆಯವಳು, ಇನ್ನೂ ಒತ್ತಕ್ಷರದಲ್ಲಿ ತಡವರಿಸುತ್ತಿದ್ದವಳು. ಅವಳಿಗೆ ಅವ್ವ ಇಲ್ಲ ಎಂಬ ಕೊನೆಯ ಮಾತನ್ನು ನಾನು ಚೆಂದಕ್ಕೆ ಸೇರಿಸಿದೆ. ಸೇರಿಸಿ ಕಾದೆ. ಇನ್ನೆರಡು ಸಲ ಕೇಳುತ್ತಾರೆ, ಮೂರನೆಯದಕ್ಕೆ ಒಪ್ಪಿಕೊಳ್ಳಬೇಕು, ಆಗ ಕೈ ಹಿಡಿದುಕೊಳ್ಳುತ್ತಾರೆ ಎಂದು ಬೆರಳುಗಳನ್ನು ಸ್ವಲ್ಪ ಮುಂದಕ್ಕೂ ಚಾಚಿದ್ದೆ. ದೊರೆಸಾನಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅವರ ದೇಶದಲ್ಲಿ ಬೇಡವೆಂದರೆ ಬೇಡವೆಂದೇ ಅರ್ಥವಿರಬೇಕು. ಇಂಥ ಮಗುವನ್ನು ನಾನು ಕಂಡಿಲ್ಲ ಎಂದು ಹೇಳಿ, ಚೀಲದಿಂದ ಪುಸ್ತಕ ತೆಗೆದು, ಸಾರಳ ಹೆಸರು ಬರೆದುಕೊಂಡರು.

ನಾನು ಅಪ್ಪನ ಕಡೆ ನೋಡಿದೆ. ಒಂದು ಮಾತು ಸಾಕಿತ್ತು. ಹುಡುಗಿ ಮರ್ಯಾದೆಗೆ ಅಂದಳು ಅಮ್ಮಾ, ಅವಳಿಗೆ ಆಸೆಯಿದೆ, ಲಂಗ ಹೊಲಿದಾಗಿದೆ ಎಂದಿದ್ದರೆ ಮುಗಿಯುತ್ತಿತ್ತು. ಅಷ್ಟರಲ್ಲಿ ಹಿಂದಿನಿಂದ ಯಾರೋ, ಉಪದೇಶಿಗಳ ಮನೆ ಮಕ್ಕಳು ಅಂದ್ರೆ ಹಂಗೆ ಕಣ್ರಪ್ಪ ಎಂದರು. ಮಂದಿರವೆಲ್ಲ ಅಪ್ಪನ ಕಡೆ ತಿರುಗಿತು. ಅಪ್ಪ ಮೆಲ್ಲಗೆ ತಲೆ ತಗ್ಗಿಸಿದರು. ಆ ಮುಖ ನನಗೆ ಗೊತ್ತಿತ್ತು. ಮೂರನೆಯ ಚೂರು ಬೆಲ್ಲ ಕೈಗೆ ಬಂದಾಗ ಸಾಮುವಿನ ಮುಖ ಹಾಗೆಯೇ ಆಗುತ್ತಿತ್ತು. ಹೆಂಗಸರ ಕಡೆಯಿಂದ ಅವ್ವ ಅರ್ಧ ಎದ್ದು ಬಾಯಿ ತೆರೆದಳು. ಅಪ್ಪ ಅವಳನ್ನು ನೋಡಿದರು, ಅಷ್ಟೇ. ಅವಳು ಕೂತುಕೊಂಡಳು.

ಮನೆಗೆ ಬಂದ ಮೇಲೆ ಅವ್ವ ಒಲೆ ಹಚ್ಚಲಿಲ್ಲ. ಅಪ್ಪನೆದುರು ಅವಳು ಅಷ್ಟು ಮಾತಾಡಿದ್ದನ್ನು ನಾನು ಮುಂದೆಂದೂ ಕೇಳಲಿಲ್ಲ.

"ಒಂದ್ ಮಾತು ಆಡಿದ್ರೆ ಆಗ್ತಿತ್ತು ನಿಮ್ಗೆ."

"ಮಗು ತಾನಾಗಿ ಕೊಟ್ಟಿದ್ದನ್ನ ನಾನು ಹೆಂಗೆ ವಾಪಸ್ ಕೇಳ್ಲಿ?"

"ಅದು ತಾನಾಗಿ ಕೊಡ್ಲಿಲ್ಲ. ನೀವು ಕಲ್ಸಿದ್ನ ಆಡ್ತು. ನಿಮ್ಮನ್ನ ಮೂರು ಸಲ ಕರೀತಾರೆ. ಅದನ್ನ ಇನ್ನೊಂದ್ ಸಲ ಕೇಳೋರು ಯಾರೂ ಇರ್ಲಿಲ್ಲ. ನೀವಿದ್ರಿ, ನೀವೂ ಕೇಳ್ಲಿಲ್ಲ."

ಅಪ್ಪ ಬೈಬಲ್ಲು ತೆಗೆದುಕೊಂಡು ಹೊರಗೆ ಬಂಡೆಯ ಮೇಲೆ ಹೋಗಿ ಕೂತರು. ಮರುದಿನ ಬೆಳಗಿನ ಜಾವ ಅವರು ಮುಖ ತೊಳೆಯುತ್ತಿದ್ದಾಗ ನಾನು ಹತ್ತಿರ ಹೋದೆ. ಅವರಿಗೆ ಗೊತ್ತಿಲ್ಲದೆ ಇರಬಹುದು, ಹೇಳಿದರೆ ತಿಳಿಯುತ್ತದೆ ಎಂದು ಒಂದು ಆಸೆಯಿತ್ತು. ಅಪ್ಪಾ, ನಂಗೆ ಹೋಗ್ಬೇಕು ಎಂದೆ. ಜೀವಮಾನದಲ್ಲಿ ಆ ಮನೆಯಲ್ಲಿ ಬೇಕು ಎಂದು ನಾನು ಕೇಳಿದ್ದು ಅದೊಂದೇ ಸಲ. ಅವರು ಒದ್ದೆ ಕೈಯನ್ನು ನನ್ನ ತಲೆಯ ಮೇಲಿಟ್ಟು, ಕೊಟ್ಟ ಮೇಲೆ ಕೇಳಬಾರದು ಮಗಳೇ, ಕರ್ತನು ತನ್ನ ಕಾಲಕ್ಕೆ ನಿನ್ನನ್ನು ಕರೆಯುತ್ತಾನೆ ಎಂದರು. ತಲೆಯಿಂದ ನೀರು ಕುತ್ತಿಗೆಗೆ ಇಳಿಯಿತು. ಗೊತ್ತಿಲ್ಲದೆ ಇರಬಹುದು ಎಂಬ ಆಸೆಯೂ ಅಲ್ಲಿಗೆ ತೀರಿತು.

ಲಂಗ ಎರಡನ್ನೂ ಸಾರಳಿಗೆ ಕೊಡಬೇಕೆಂದು ಅಪ್ಪ ಹೇಳಿದರು. ಅವ್ವ ಒಂದನ್ನು ಕೊಟ್ಟಳು. ಇನ್ನೊಂದು ಇಲಿ ಕಡಿದು ಹಾಳಾಯಿತು ಎಂದಳು. ಅದು ರಾಗಿಯ ಮಡಕೆಯ ತಳದಲ್ಲಿ ಆರು ತಿಂಗಳಿತ್ತು. ಅವ್ವ ಹೇಳಿದ ಸುಳ್ಳು ನನಗೆ ತಿಳಿದಂತೆ ಅದೊಂದೇ, ಅದನ್ನು ನಾನು ಕರ್ತನ ಉಪಕಾರಗಳ ಸಾಲಿನಲ್ಲಿ ಎಣಿಸಿಕೊಂಡು ಬಂದಿದ್ದೇನೆ. ಹುರಿಹಿಟ್ಟಿನ ಡಬ್ಬಿಯೂ ಸಾರಳ ಮಡಿಲಿಗೆ ಹೋಯಿತು. ಹೊಳಲ್ಕೆರೆಗೆ ಹೊರಟ ಗಾಡಿಯನ್ನು ಅವಳ ಅಜ್ಜನೇ ಹೊಡೆದ. ಅವಳಿಗೆ ಹೋಗುವ ಮನಸ್ಸೇ ಇರಲಿಲ್ಲ. ಗಾಡಿ ಹತ್ತುವ ಮುಂಚೆ ನನ್ನ ಕೈ ಹಿಡಿದು ಅತ್ತಳು.

"ನೀನೇ ಹೋಗೇ ರೂತಿ. ತಾತನ್ನ ಬಿಟ್ಟು ನನ್ ಕೈಲಿ ಇರಾಕಾಗಲ್ಲ."

ಬೇಕೆಂದವಳು ಇಲ್ಲಿ, ಬೇಡವೆಂದವಳು ಗಾಡಿಯಲ್ಲಿ. ಎತ್ತಿನ ಗೆಜ್ಜೆ ತಿರುವಿನವರೆಗೂ ಕೇಳಿಸಿತು. ಅಪ್ಪ ದಾರಿಯಲ್ಲಿ ನಿಂತು ಕೈಯೆತ್ತಿ ಹರಸಿದರು.

ಅಲ್ಲಿಗೆ ಮುಗಿದಿದ್ದರೆ ನಾನು ಮರೆಯುತ್ತಿದ್ದೆನೋ ಏನೋ. ಅಪ್ಪ ಅದನ್ನು ಬೋಧನೆಯ ಪ್ರಸಂಗ ಮಾಡಿಕೊಂಡರು. ಹಿರಿಯೂರು, ಆದಿವಾಲ, ಶ್ರೀರಾಂಪುರ, ಎಲ್ಲಿ ನಾಲ್ಕು ಜನ ಸೇರಿದರೂ ನನ್ನ ಕಥೆ. ನಾನೂ ಜೊತೆಗಿದ್ದರೆ ಎಬ್ಬಿಸಿ ನಿಲ್ಲಿಸುತ್ತಿದ್ದರು. ಹೆಂಗಸರು ಬಂದು ನನ್ನ ಗಲ್ಲ ಸವರಿ ನೆಟಿಕೆ ಮುರಿಯುತ್ತಿದ್ದರು. ಪ್ರಸಂಗದಲ್ಲಿ ನಾನು ನಗುನಗುತ್ತ ಕೊಟ್ಟಿದ್ದೆ. ನಾಲ್ಕನೆಯ ಊರಿಗೆ ಬರುವ ಹೊತ್ತಿಗೆ ಲಂಗಗಳನ್ನೂ ನಾನೇ ಕೈಯಾರೆ ಕೊಟ್ಟಿದ್ದೆ. ಮನೆಗೆ ಬಂದು ನಾನು ಬೀಸುವ ಕಲ್ಲಿನ ಮುಂದೆ ಕೂರುತ್ತಿದ್ದೆ. ಓದನ್ನು ಬಿಡಲಿಲ್ಲ. ಅಪ್ಪನ ಮೇಜಿನ ಮೇಲಿದ್ದದ್ದನ್ನೆಲ್ಲ ಓದಿದೆ, ಅವ್ವನಿಗೆ ಅವಳ ಹೆಸರು ಬರೆಯಲು ಕಲಿಸಿದೆ. ಹದಿನಾರಕ್ಕೆ ಹಿರಿಯೂರಿನ ಬಡಗಿಯೊಬ್ಬರ ಕೈ ಹಿಡಿದೆ. ಒಳ್ಳೆಯವರು, ಮಾತು ಕಡಿಮೆ, ಹಸಿವಾದರೆ ಹಸಿವು ಎನ್ನುತ್ತಿದ್ದರು. ಸಾರ ಓದಿ ಉಪಾಧ್ಯಾಯಿನಿಯಾದಳು. ನನ್ನ ಮಗಳಿಗೆ ಅಕ್ಷರ ತಿದ್ದಿಸಿದವಳು ಅವಳೇ. ಅವಳ ಮೇಲೆ ನನಗೆ ಎಂದೂ ಸಿಟ್ಟು ಬರಲಿಲ್ಲ. ಇದನ್ನೂ ಉಪಕಾರ ಎಂದೇ ಎಣಿಸುತ್ತೇನೆ, ಸಿಟ್ಟು ಬರುವುದು ಸುಲಭವಿತ್ತು.

ಅಪ್ಪನಿಗೆ ವಯಸ್ಸಾಗಿ ಉಪದೇಶಿ ಕೆಲಸ ಬಿಟ್ಟ ಮೇಲೆ ಮಂದಿರಕ್ಕೆ ಬೇರೆ ಕಡೆಯಿಂದ ಹೊಸ ಅಯ್ಯನವರು ಬಂದರು. ಹಳೆಯ ಹಿರಿಯರು ಒಬ್ಬೊಬ್ಬರಾಗಿ ಸಮಾಧಿ ಸೇರಿದ್ದರು. ಒಂದು ಸುಗ್ಗಿಯ ಹಬ್ಬಕ್ಕೆ ನಾನು ಹಿರಿಯೂರಿನಿಂದ ಹೋಗಿದ್ದೆ. ಜನ ರಾಗಿ ತೆನೆ, ಕುಂಬಳಕಾಯಿ, ಕೋಳಿ ತಂದು ಮುಂದೆ ಇಟ್ಟಿದ್ದರು. ನಾನೂ ಅವ್ವನೂ ಹೆಂಗಸರ ಚಾಪೆಯ ಮೇಲೆ ಕೂತೆವು. ಅಪ್ಪ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಅಲ್ಲೇ ಅವುಗಳ ಪಕ್ಕದಲ್ಲಿ, ಗೋಡೆ ಹಿಡಿದುಕೊಂಡು ಮೆಲ್ಲಗೆ ಕೂತರು.

ಯಾರೂ ಬರಲಿಲ್ಲ. ಮೊದಲ ಕೀರ್ತನೆಯಾಯಿತು, ಎರಡನೆಯದಾಯಿತು. ತಡವಾಗಿ ಬಂದವರು ಅವರನ್ನು ದಾಟಿಕೊಂಡು ಒಳಗೆ ಬಂದರು. ಒಬ್ಬ ಹೆಂಗಸು ಅವರ ಮೊಣಕಾಲಿಗೆ ತಗಲುವಂತೆ ಮಗುವಿನ ಚಪ್ಪಲಿ ಬಿಟ್ಟು ಹೋದಳು. ಅಪ್ಪ ಕಾಲು ಎಳೆದುಕೊಂಡರು. ಬಾಗಿಲಿನ ಬಿಸಿಲು ಅವರ ತಲೆಗೆ ಬಂದಿತ್ತು. ತಲೆ ತಗ್ಗಿಸಿಯೇ ಇದ್ದರು, ಆದರೆ ಮುಂದಿನಿಂದ ಯಾರಾದರೂ ಎದ್ದ ಸದ್ದಾದರೆ ಕಣ್ಣು ಮಾತ್ರ ಮೇಲೇಳುತ್ತಿತ್ತು. ಅವ್ವ ಮೊಣಕೈಯಿಂದ ನನ್ನನ್ನು ತಿವಿದಳು.

"ಹೋಗಿ ಕರಿಯವ್ವ. ಬಿಸಿಲಾಗ್ ಕುಂತಾರೆ."

ಎದ್ದು ಹೋದೆ. ಹೋಗುವಾಗ ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ, ಇದನ್ನು ದೇವರ ಮುಂದೆ ಹೇಳಬಲ್ಲೆ. ಬಗ್ಗಿ ಅವರ ಹೆಗಲು ಮುಟ್ಟಿದೆ.

"ಅಪ್ಪಾ, ಮುಂದಕ್ ಬರ್ರಿ."

ಅವರ ಮುಖ ಅರಳಿತು. ಮತ್ತೆ ತಗ್ಗಿತು.

"ಇರ್ಲಿ ಬಿಡವ್ವ, ನಂಗೆ ಇಲ್ಲೇ ಸಾಕು."

ಬಲಗೈಯ ಬೆರಳುಗಳು ಆಗಲೇ ನನ್ನ ಕಡೆಗೆ ಸ್ವಲ್ಪ ಚಾಚಿದ್ದವು. ಆ ಬೆರಳುಗಳನ್ನು ನೋಡಿದೆ.

"ಹಂಗೇ ಆಗ್ಲಿ ಅಪ್ಪಾ" ಎಂದು ಹೇಳಿ ಬಂದು ನನ್ನ ಜಾಗದಲ್ಲಿ ಕೂತೆ.

ತಿರುಗಿ ನೋಡಲಿಲ್ಲ. ನೋಡದಿದ್ದರೂ ಬೆನ್ನಿಗೆ ಗೊತ್ತಾಗುತ್ತಿತ್ತು. ಮೂವತ್ತು ವರ್ಷ ಕಾದಿದ್ದ ಒಂದು ಸಿಹಿ ಬಾಯಿಗೆ ಬಂತು ಎಂದುಕೊಂಡೆ, ಬಂದದ್ದು ಸಿಹಿಯಾಗಿರಲಿಲ್ಲ. ಅವ್ವ ನನ್ನನ್ನು ನೋಡಿದಳು. ಅವಳಿಗೆ ಎಲ್ಲವೂ ತಿಳಿಯಿತು, ಬೈಯಲಿಲ್ಲ. ಒಂದು ಕೈ ನೆಲಕ್ಕೆ, ಒಂದು ಕೈ ನನ್ನ ಹೆಗಲಿಗೆ ಊರಿ ಎದ್ದಳು. ಕೂತವರ ನಡುವೆ ದಾರಿ ಮಾಡಿಕೊಂಡು ಹಿಂದಕ್ಕೆ ಹೋದಳು. ಆಗ ತಿರುಗಿ ನೋಡಿದೆ. ಅವ್ವ ಕಾಲಿನಿಂದ ನಾಲ್ಕು ಚಪ್ಪಲಿ ಪಕ್ಕಕ್ಕೆ ಸರಿಸಿ, ಬಾಗಿಲಿಗೆ ಅಡ್ಡವಾಗಿ, ಅಪ್ಪನ ತಲೆಗೆ ನೆರಳು ಬೀಳುವಂತೆ ಕೂತಳು. ಅವರನ್ನು ಕರೆಯಲಿಲ್ಲ, ಅವರ ಕಡೆ ನೋಡಲೂ ಇಲ್ಲ. ಮುಂದಿದ್ದವರು ಯಾರೂ ಅವಳು ಹೋದದ್ದನ್ನು ಕಾಣಲಿಲ್ಲ. ನನಗೆ ಅಪ್ಪನ ಮೇಲೆ ಬಂದದ್ದಕ್ಕಿಂತ ಹೆಚ್ಚಿನ ಸಿಟ್ಟು ಆ ಗಳಿಗೆಯಲ್ಲಿ ಅವ್ವನ ಮೇಲೆ ಬಂತು. ಅದು ಇನ್ನೂ ಪೂರ್ತಿ ಹೋಗಿಲ್ಲ, ಅವಳು ಹೋಗಿ ಇಷ್ಟು ವರ್ಷವಾದರೂ.

ಅಯ್ಯನವರು ಅಂದು ಏನು ಬೋಧಿಸಿದರೋ ನೆನಪಿಲ್ಲ. ಪಕ್ಕದ ಸಾಲಿನ ಹೆಂಗಸೊಬ್ಬಳು ಮಗುವನ್ನು ಎತ್ತಿಕೊಂಡು ಬಂದು, ಈ ಜಾಗ ಖಾಲಿಯೇ ಎಂದು ಕೇಳಿದಳು. ಇಲ್ಲ, ಅವ್ವ ಬರುತ್ತಾಳೆ ಎಂದೆ. ಆರಾಧನೆ ಮುಗಿಯುವವರೆಗೂ ಆ ಜಾಗದ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ. ಅವ್ವ ಬರಲಿಲ್ಲ.